ಒಲೆಯ ಮುಂದಿನ ಹಲಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಉಗಾರ ಖುರ್ದದ ದುಂಡೇಶ ಎರಡನ್ನೂ ನೋಡಿದವನು. ಮದುವೆಯನ್ನು ಒಂದೇ ಸಲ ಮಾಡಿಕೊಂಡ. ಮನೆಯನ್ನು ಮಾತ್ರ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ. ಈ ಕಟ್ಟುವ ಬಿಚ್ಚುವ ಗದ್ದಲದ ನಡುವೆ ಒಂದು ದಿನ ಹೆಂಡತಿ ಭಾಗ್ಯಾ ಟ್ರಂಕು ತೆಗೆದುಕೊಂಡು ತವರೂರು ಅಕ್ಕೋಳಕ್ಕೆ ಹೊರಟುಹೋದಳು. ಅದಕ್ಕೆ ಈಗ ನಾಲ್ಕು ವರ್ಷ.

ದುಂಡೇಶ ಕಾಗವಾಡ ರಸ್ತೆಯ ಒಂದು ಕಬ್ಬಿಣದ ವರ್ಕ್‌ಶಾಪಿನಲ್ಲಿ ಎಂಜಿನಿಯರ್. ಹೊಟ್ಟೆಪಾಡಿಗೆ ಅವನು ಬರೆಯುತ್ತಿದ್ದದ್ದು ಗೋದಾಮು, ಗಾಣದ ಮನೆ, ಟ್ರ್ಯಾಕ್ಟರ್ ಶೆಡ್ಡುಗಳ ನಕ್ಷೆ. ಜೀವ ಇದ್ದದ್ದು ಮಾತ್ರ ನೆಲದಲ್ಲಿ. ಮಣ್ಣಿನ ನೆಲವಲ್ಲ, ಬೇಕಾದಾಗ ಬಿಚ್ಚಿ ಬೇಕಾದಲ್ಲಿ ಕೂಡಿಸಬಹುದಾದ ಉಕ್ಕಿನ ನೆಲ. ಮಂಚದಷ್ಟು ದೊಡ್ಡ ಚೌಕಟ್ಟು, ಅದರ ಮೇಲೆ ಸಿಮೆಂಟ್ ಬೋರ್ಡು, ಮೂಲೆಗಳಲ್ಲಿ ಬೋಲ್ಟು, ಬೋಲ್ಟಿನ ಮೇಲೆ ಧೂಳು ಕೂಡದಂತೆ ತಗಡಿನ ಪಟ್ಟಿ. ವರ್ಕ್‌ಶಾಪಿನವರೆಲ್ಲ ಅದಕ್ಕೆ ಹಲಗೆ ಎಂದೇ ಹೇಳುತ್ತಿದ್ದರು. ಅಕ್ಕಪಕ್ಕದವನ್ನು ಅಲುಗಿಸದೆ ನಡುವಿನ ಒಂದು ಹಲಗೆಯನ್ನು ಎತ್ತಲು ಬರಬೇಕು, ಅದೇ ಅವನ ವಿದ್ಯೆ. ಇಂದು ಶಾಲೆಯಾಗಿದ್ದದ್ದು ನಾಳೆ ದವಾಖಾನೆಯಾಗಬೇಕಾದರೆ ಏನನ್ನೂ ಒಡೆಯಬೇಕಿಲ್ಲ. ಕೃಷ್ಣೆ ಉಕ್ಕಿ ಬಂದರೆ ನೆಲವನ್ನೇ ಕಂಬದ ಮೇಲಿನ ತೂತಿಗೆ ಏರಿಸಿ ಬಿಗಿದರಾಯಿತು.

‘ಕಾಂಕ್ರೀಟ ಅಂದ್ರ ಬಾಯಿಂದ ಬಿದ್ದ ಮಾತ. ತಪ್ಪಾತು ಅಂದ್ರೂ ವಾಪಸ್ ತಗೊಳ್ಳಾಕ ಬರೂದಿಲ್ಲ,’ ಎಂದು ಚಹದಂಗಡಿಯಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದ. ಅವರು ಚಹಾ ಮುಗಿಯುವವರೆಗೆ ತಲೆ ಆಡಿಸುತ್ತಿದ್ದರು.

ಈ ಹುಚ್ಚು ಅವನಿಗೆ ಎಲ್ಲಿಂದ ಬಂತೆಂದು ಯಾರೂ ಬಹಳ ಹುಡುಕಬೇಕಿರಲಿಲ್ಲ. ಅವನ ಅಪ್ಪ ಭೀಮಸಿ ಕುರಿ ಕಾಯುವವನು. ಇಂದು ಒಬ್ಬರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದರೆ ನಾಳೆ ಇನ್ನೊಬ್ಬರ ಹೊಲ. ಸಂಜೆ ಬಲೆ ಹೂಡಿ ಹಟ್ಟಿ ಮಾಡುವುದು, ಬೆಳಿಗ್ಗೆ ಸುತ್ತಿ ಕುದುರೆಯ ಮೇಲೆ ಹೇರುವುದು. ಅಥಣಿಯ ಕಡೆಯ ಬಯಲಲ್ಲಿ ಹೀಗೆಯೇ ಬೆಳೆದ ಹುಡುಗನಿಗೆ ಮನೆ ಎಂದರೆ ಮಡಚಿ ಒಯ್ಯುವ ಸಾಮಾನು. ಕಾಲೇಜು ಕಲಿತ ಮೇಲೂ ಆ ತಿಳಿವಳಿಕೆ ಬದಲಾಗಲಿಲ್ಲ, ಅದಕ್ಕೆ ನಟ್ಟು ಬೋಲ್ಟು ಮಾತ್ರ ಕೂಡಿಕೊಂಡವು.

ಮದುವೆಯಾದ ಮೇಲೆ ತನ್ನ ಮನೆಯನ್ನೇ ಪ್ರಯೋಗಕ್ಕೆ ಇಟ್ಟ. ಹೊಳೆ ಬಂದರೂ ನೀರು ಮುಟ್ಟದಂತೆ ಉಕ್ಕಿನ ಕಂಬಗಳ ಮೇಲೆ ಆಳೆತ್ತರದಲ್ಲಿ ಮನೆ, ನೆಲವೆಲ್ಲ ಹಲಗೆ. ಮೊದಮೊದಲು ನಡೆದರೆ ಕಟಕಟ ಸದ್ದು ಬರುತ್ತಿತ್ತು. ಟ್ರ್ಯಾಕ್ಟರಿನ ಹಳೆಯ ಟ್ಯೂಬು ಕೊಯ್ದು ಸಂದಿಗೆ ಕೂಡಿಸಿದ, ಸದ್ದು ನಿಂತಿತು. ಭಾಗ್ಯಾ ಮೊದಲು ಖುಷಿಯಾಗಿಯೇ ಇದ್ದಳು. ‘ನಮ್ಮ ಮನೀನೂ ನಮ್ಮ ಮನೆಯವರಂಗ, ಒಂದ ಕಡೆ ಕೂಡೂದಿಲ್ಲ,’ ಎಂದು ನೆರೆಯವರ ಮುಂದೆ ನಗುತ್ತಿದ್ದಳು.

ಪ್ರತಿ ದೀಪಾವಳಿಗೆ ಊರವರು ಮನೆಗೆ ಸುಣ್ಣ ಬಳಿದರೆ ಇವನು ಮನೆ ಬಿಚ್ಚುತ್ತಿದ್ದ. ಒಂದು ವರ್ಷ ಅಡಿಗೆಮನೆ ಪೂರ್ವಕ್ಕೆ, ಮರುವರ್ಷ ಉತ್ತರಕ್ಕೆ. ದೇವರ ಜಗಲಿಯೂ ಎರಡು ಸಲ ದಿಕ್ಕು ಬದಲಿಸಿತು. ಮಕ್ಕಳಾದರೆ ಒಂದು ಕೋಣೆ ಕೂಡಿಸಲು ಬೇಕೆಂದು ಮಾಡಿಸಿದ ಹಲಗೆಗಳು ಮನೆಯ ಕೆಳಗೆ ಒರಗಿ ನಿಂತಿದ್ದವು. ಮಕ್ಕಳಾಗಲಿಲ್ಲ. ಅವುಗಳ ಮರೆಯಲ್ಲಿ ನೆರೆಮನೆಯ ಕೋಳಿಗಳು ತತ್ತಿ ಇಡತೊಡಗಿದವು. ಭಾಗ್ಯಾ ಆ ಕಡೆ ನೋಡುವುದನ್ನು ಬಿಟ್ಟಳು.

ಒಂದು ಸಲ ರಾಯಬಾಗದಿಂದ ನೆಂಟರು ಬಂದಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಭಾಗ್ಯಾ ಮಾತಾಡುತ್ತಲೇ ಉಪ್ಪಿಗೆಂದು ಕೈ ಚಾಚಿದಳು, ಕೈ ಹೋಗಿ ಗೋಡೆಗೆ ಬಡಿಯಿತು. ಡಬ್ಬಿ ಇದ್ದದ್ದು ಹೋದ ವರ್ಷ, ಈ ವರ್ಷ ಅಲ್ಲಿ ಬರೀ ಗೋಡೆ. ನೆಂಟರ ಮುಂದೆ ಅವಳಿಗೆ ಅಳುವೇ ಬಂತು. ಅವರು ಹೋದ ಮೇಲೆ ಗಂಡನ ಎದುರು ನಿಂತು ಹೇಳಿದಳು:

‘ಕಣ್ಣ ಮುಚ್ಚಿ ಕೈ ಚಾಚಿದ್ರ ಉಪ್ಪ ಸಿಗಬೇಕ್ರಿ. ಅದಕ್ಕ ಮನಿ ಅಂತಾರ.’

ದುಂಡೇಶ ಅದನ್ನು ದೂರು ಎಂದು ತಿಳಿಯಲಿಲ್ಲ, ಲೆಕ್ಕ ಎಂದು ತಿಳಿದ. ಮರುದಿನವೇ ಎಲ್ಲ ಡಬ್ಬಿಗೂ ಚೀಟಿ ಅಂಟಿಸಿದ: ಉಪ್ಪು, ಸಕ್ಕರೆ, ಜೀರಿಗೆ, ಮಸಾಲಿ ಖಾರ. ಅಕ್ಷರ ದಪ್ಪಗೆ, ಚೆಂದಾಗಿ ಬರೆದಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಕಣ್ಣು ಮುಚ್ಚಿದವರಿಗೆ ಚೀಟಿ ಕಾಣುವುದಿಲ್ಲ ಎಂಬುದು ಎಂಜಿನಿಯರನಿಗೆ ಹೊಳೆಯಲಿಲ್ಲ.

ಆ ದೀಪಾವಳಿಗೆ ಅಡಿಗೆಮನೆ ಪಶ್ಚಿಮಕ್ಕೆ ಬಂತು. ಅದಾದ ಕೆಲವು ದಿನಕ್ಕೆ ಅವನು ಒಂದು ಶೆಡ್ಡಿನ ಕೆಲಸಕ್ಕೆ ಅಥಣಿಗೆ ಹೋಗಿ ಅಲ್ಲೇ ವಸ್ತಿ ಮಾಡಿದ. ತಿರುಗಿ ಬಂದಾಗ ಮನೆಯ ಕೀಲಿ ನೆರೆಮನೆಯಲ್ಲಿತ್ತು. ಜಗಳವಿಲ್ಲ, ಬೈಗುಳವಿಲ್ಲ. ಫೋನು ಮಾಡಿದರೆ ಭಾಗ್ಯಾ, ‘ಆರಾಮ ಅದೀನ್ರಿ. ನೀವು?’ ಎಂದಳು. ಅವನೂ ‘ಆರಾಮ’ ಎಂದ. ನಾಲ್ಕು ವರ್ಷದಿಂದ ಹಬ್ಬಕ್ಕೊಮ್ಮೆ ಇಬ್ಬರೂ ಫೋನಿನಲ್ಲಿ ಆರಾಮ ಇದ್ದರು. ಹೋಗಿ ಕರೆಯಬೇಕೆಂದು ಅವನಿಗೆ ಎಷ್ಟೋ ಸಲ ಅನಿಸಿತು. ಹೋಗಿ ಏನು ಹೇಳಬೇಕೆಂದು ತಿಳಿಯದೆ ಕೂತಲ್ಲೇ ಕೂತ.

ಅವಳು ಹೋದ ಮೇಲೆ ದುಂಡೇಶ ಮನೆಯ ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಬಂದರೆ ಇಟ್ಟದ್ದು ಇಟ್ಟಲ್ಲೇ ಸಿಗಲಿ ಎಂದು ಅವಳು ಮಗುಚಿಟ್ಟ ಬೋಗುಣಿಯನ್ನೂ ತೊಳೆದು ಅಲ್ಲೇ ಮಗುಚಿಡುತ್ತಿದ್ದ. ದೀಪಾವಳಿ ಬಂದರೆ ಬೋಲ್ಟು ತಿರುವುವ ಪಾನಾ ತೆಗೆದು ಎಣ್ಣೆ ಒರೆಸಿ ತಿರುಗಿ ಚೀಲಕ್ಕೆ ಹಾಕುತ್ತಿದ್ದ. ಊರವರು ಮಾತ್ರ, ‘ಈ ವರ್ಷ ಬಚ್ಚಲಾ ಎಲ್ಲಿ ಒಯ್ದ್ರಿ ಸಾಹೇಬ್ರ?’ ಎಂದು ಕೇಳುವುದನ್ನು ಬಿಡಲಿಲ್ಲ.

ಹೀಗಿರುವಾಗ ಹೊಳೆದಂಡೆಯ ಊರುಗಳಲ್ಲಿ ಶಾಲೆ ಕಟ್ಟಿಸುವ ಒಂದು ಸಂಸ್ಥೆ ಅವನ ನಕ್ಷೆ ನೋಡಿ ಮೆಚ್ಚಿತು. ಹೊಳೆ ಬಂದಾಗ ಶಾಲೆಗೆ ಶಾಲೆಯೇ ಮೇಲೇರುವ ನೆಲ ಅವರಿಗೂ ಬೇಕಿತ್ತು. ಆದರೆ ನಕ್ಷೆ ನೋಡಿ ನಂಬುವವರಲ್ಲ ಅವರು. ಹತ್ತು ವರ್ಷ ಜನ ಓಡಾಡಿದ ನೆಲ, ತಾವು ತೋರಿಸಿದ ಹಲಗೆ, ತಮ್ಮ ಕಣ್ಣ ಮುಂದೆ ಎದ್ದು ಬರಬೇಕು ಎಂದರು. ಅಂಥ ನೆಲ ಇದ್ದದ್ದು ಒಂದೇ, ಅವನ ಮನೆಯದು.

ದುಂಡೇಶನಿಗೆ ಆ ವಾರ ಊಟ ಸೇರಲಿಲ್ಲ. ಶಾಲೆಯ ಕೆಲಸ ಸಿಕ್ಕರೆ ಹೆಸರು ಬರುತ್ತದೆ, ಅದು ಬೇರೆ ಮಾತು. ಆ ಶಾಲೆ ಎದ್ದು ನಿಂತರೆ ಅಕ್ಕೋಳದವರೆಗೆ ಸುದ್ದಿ ಹೋಗುತ್ತದೆ. ಮನೆ ಹಾಳು ಮಾಡಿಕೊಂಡದ್ದು ಸುಮ್ಮನೆ ಹುಚ್ಚಿಗಲ್ಲ ಎಂದು ಭಾಗ್ಯಾ ತಿಳಿಯುತ್ತಾಳೆ. ಹೋಗಿ ಕರೆಯಲು ಕೈಯಲ್ಲಿ ಒಂದು ಮಾತಾದರೂ ಇರುತ್ತದೆ. ಅವನ ಆಸೆ ಇಷ್ಟೇ ಇತ್ತು.

ಸಂಸ್ಥೆಯ ಎಂಜಿನಿಯರ್ ಮಯೂರಿ ಬೆಳಿಗ್ಗೆಯೇ ಜೀಪಿನಲ್ಲಿ ಬಂದಳು. ನಿಪ್ಪಾಣಿಯ ಕಡೆಯವಳು, ಮಾತು ಕಡಿಮೆ, ಕಣ್ಣು ಚುರುಕು. ಹಲಗೆ ಎತ್ತಲು ವರ್ಕ್‌ಶಾಪಿನ ವೆಲ್ಡರ್ ಮಾಳಸಿದ್ದ ಇಬ್ಬರು ಆಳುಗಳೊಂದಿಗೆ ಬಂದಿದ್ದ. ಮೊದಲ ದಿನದಿಂದ ಈ ಮನೆ ಕಟ್ಟಿದ್ದು, ಬಿಚ್ಚಿದ್ದು ಎಲ್ಲ ಅವನ ಕೈಯಲ್ಲೇ ಆದದ್ದು. ಯಾಕೋ ಅಂದು ಅವನು ದುಂಡೇಶನ ಮುಖ ನೋಡದೆ ಕೆಲಸ ಮಾಡುತ್ತಿದ್ದ.

ಮಯೂರಿ ಪಡಸಾಲೆಯ ನಡುವಿನ ಹಲಗೆ ತೋರಿಸಿದಳು. ಪಟ್ಟಿ ತೆಗೆದರು, ಪಾನಾ ಹಾಕಿದರು, ಬೋಲ್ಟು ಬೆಣ್ಣೆಯಂತೆ ತಿರುಗಿತು. ಹಲಗೆ ಎದ್ದು ಬಂತು. ಪಕ್ಕದಲ್ಲಿ ಮೇಜಿನ ಮೇಲಿದ್ದ ಲೋಟದ ನೀರು ಅಲುಗಲಿಲ್ಲ. ಕಿಟಕಿಯ ಹತ್ತಿರದ್ದೂ ಹಾಗೆಯೇ ಬಂತು. ಮಯೂರಿ ಮೊದಲ ಸಲ ನಕ್ಕಳು.

‘ಛಲೋ ಐತ್ರಿ. ಇನ್ನ ಒಂದ ಆದ್ರ ಮುಗೀತು. ಅಡಿಗೀಮನ್ಯಾಗ, ಒಲಿ ಮುಂದಿನ ಹಲಗಿ.’

ದುಂಡೇಶ ಅಡಿಗೆಮನೆಯ ಕಡೆ ತಿರುಗಿ ನೋಡಿದ.

‘ನೀರಿನ ಪೈಪ್ ಅದರಾಗ ಹಾದ ಬರತೈತಿ ಅಲ್ರಿ?’ ಎಂದಳು ಮಯೂರಿ. ‘ನೀರು, ಎಣ್ಣಿ, ಬಿಸಿ ಎಲ್ಲಾ ಉಂಡಿದ್ದ ಹಲಗಿ ಅದ. ಅದೊಂದ ಎದ್ರ ಯಾವದಾದ್ರೂ ಏಳತೈತಿ.’

ಅವಳ ಮಾತು ಸರಿಯಿತ್ತು. ಅದು ಮನೆಯ ಮುಖ್ಯ ಹಲಗೆ. ಪೈಪು ಅದರಲ್ಲೇ ಇದ್ದದ್ದರಿಂದ ಅದು ಎಲ್ಲಿಗೆ ಹೋದರೆ ಅಡಿಗೆಮನೆ ಅಲ್ಲಿಗೆ ಹೋಗಬೇಕು. ಭಾಗ್ಯಾ ನಿಂತು ಅಡಿಗೆ ಮಾಡುತ್ತಿದ್ದದ್ದೂ ಅದರ ಮೇಲೆಯೇ. ನಾಲ್ಕು ವರ್ಷ ಮುಟ್ಟದೆ ಕಾದದ್ದನ್ನು ಈಗ ಮುಟ್ಟಬೇಕು. ಮುಟ್ಟುವುದೂ ಅವಳಿಗಾಗಿಯೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡು ದುಂಡೇಶ ಮೊಣಕಾಲೂರಿದ. ಪಟ್ಟಿಯ ಕೆಳಗೆ ಉಳಿಯಿಟ್ಟು ಎಬ್ಬಿಸಿದ.

ಬೋಲ್ಟಿನ ತಲೆಯ ಸುತ್ತ ವೆಲ್ಡಿಂಗ್ ಇತ್ತು. ಎರಡನೆಯ ಮೂಲೆ ನೋಡಿದ, ಅಲ್ಲಿಯೂ. ನಾಲ್ಕೂ ಮೂಲೆಗೆ ಬೋಲ್ಟನ್ನು ಚೌಕಟ್ಟಿಗೆ ಅಂಟಿಸಿ ಕೂಡಿಸಲಾಗಿತ್ತು. ಪಾನಾ ಹಾಕಿದರೆ ತಿರುಗುವ ಮಾತೇ ಇಲ್ಲ. ಯಾರ ಕೈ ಎಂದು ಕೇಳಬೇಕಿರಲಿಲ್ಲ; ವೆಲ್ಡಿಂಗಿನ ಕೊನೆಗೆ ಒಂದು ಸಣ್ಣ ಬಾಲ ಎಳೆಯುವುದು ಮಾಳಸಿದ್ದನ ಚಾಳಿ. ದುಂಡೇಶ ತಲೆಯೆತ್ತಿದ. ಮಾಳಸಿದ್ದ ನೆಲ ನೋಡುತ್ತಿದ್ದ.

‘ಯಾವಾಗ ಮಾಡೀದಿ ಇದನ್ನ?’

‘ನೀವು ಅಥಣಿಗೆ ಹೋಗಿದ್ರಲ್ರಿ, ಆವಾಗ. ವೈನಿ ಕರದ್ರು.’ ಭಾಗ್ಯಾಳನ್ನು ಮಾಳಸಿದ್ದ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದ. ‘ಬ್ಯಾಡ್ರಿ ವೈನಿ, ಸಾಹೇಬ್ರು ಚರ್ಮಾ ಸುಲೀತಾರ ಅಂದೆ. ಇಷ್ಟರ ಒಂದ ಕಡೆ ಇರ್ಲಿ ಮಾಳಸಿದ್ದಾ ಅಂದ್ರು. ಯಾರಿಗೂ ಹೇಳಬಾರ್ದಂತ ಬೀರದೇವರ ಭಂಡಾರ ಮುಟ್ಟಿಸಿ ಆಣಿ ತಗೊಂಡ್ರು. ಭಂಡಾರದ ಆಣಿ, ನಾ ಹ್ಯಾಂಗ ಬಾಯಿ ಬಿಡ್ಲಿ?’

ದೇವರ ಅರಿಶಿನದ ಭಂಡಾರ ಮುಟ್ಟಿ ಆಣೆ ಮಾಡಿದ ಮೇಲೆ ಜೀವ ಹೋದರೂ ಮಾತು ಹೊರಗೆ ಬರುವುದಿಲ್ಲ, ಅದು ದುಂಡೇಶನಿಗೂ ಗೊತ್ತು. ಅವನದೂ ಅದೇ ದೇವರು. ಭಾಗ್ಯಾ ಈ ಮನೆಯಲ್ಲಿ ಏನನ್ನೂ ಕೇಳಿದವಳಲ್ಲ. ಕೇಳಿದ್ದು ಮಂಚದಷ್ಟು ಜಾಗ, ಅದನ್ನೂ ಗಂಡನ ಕಣ್ಣು ತಪ್ಪಿಸಿ ವೆಲ್ಡರನನ್ನು ಕೇಳಿದ್ದಳು.

‘ಗ್ಯಾಸ್ ಕಟರ್ ಐತಲ್ರಿ?’ ಎಂದಳು ಮಯೂರಿ, ಸಮಾಧಾನದಿಂದಲೇ. ‘ಕೊಯ್ದ ಬಿಡ್ರಿ. ಯಾರೋ ತಿಳೀಲಾರ್ದ ಮಾಡ್ಯಾರ. ಕೆಳಗಿನ ಜೋಡಣಿ ಛಲೋ ಇದ್ರ ಆತು, ಪಾಸ್ ಅಂತ ಬರಕೋತೀನಿ.’

ಆಳುಗಳು ಕೆಳಗಿನಿಂದ ಕಟರ್ ತಂದರು. ದುಂಡೇಶನೇ ಕೈಗೆ ತೆಗೆದುಕೊಂಡ. ನೀಲಿ ಉರಿ ಹತ್ತಿತು. ಒಂದೊಂದು ಬೋಲ್ಟಿಗೆ ನಾಲ್ಕು ಉಸಿರಿನಷ್ಟು ಹೊತ್ತು, ಅಷ್ಟೇ. ಆಮೇಲೆ ಶಾಲೆಯೂ ಅವನದು, ಹೆಸರೂ ಅವನದು. ಉರಿಯನ್ನು ಬೋಲ್ಟಿನ ಹತ್ತಿರ ಒಯ್ದ. ಕಟರಿನ ಗುಬ್ಬಿ ತಿರುವಿ ಉರಿ ಆರಿಸಿಬಿಟ್ಟ.

‘ಮೇಡಂ, ಈ ಹಲಗಿ ಏಳೂದಿಲ್ರಿ.’

‘ಹಂಗಂದ್ರ ಹ್ಯಾಂಗ? ನಾ ಏನ ಬರೀಲಿ?’

‘ಏಳಲಿಲ್ಲ ಅಂತ ಬರಕೋರಿ.’

ಮಯೂರಿ ಅವನ ಮುಖ ನೋಡಿದಳು, ಮಗುಚಿಟ್ಟ ಬೋಗುಣಿ ನೋಡಿದಳು, ಏನೋ ಬರೆದುಕೊಂಡಳು. ಚಹಾ ಕುಡಿದು ಜೀಪು ಹತ್ತುವಾಗ, ‘ನೋಡೂಣ್ರಿ,’ ಎಂದಳು. ನಮ್ಮ ಕಡೆ ‘ನೋಡೂಣು’ ಎಂದರೆ ಏನರ್ಥ ಎಂಬುದು ಗಂಡಿನವರು ಬಂದು ಹೆಣ್ಣು ನೋಡಿ ಹೋದ ಮನೆಯವರಿಗೆಲ್ಲ ಗೊತ್ತಿದೆ.

ಮರುದಿನ ಮುಂಜಾನೆ ದುಂಡೇಶ ಚಿಕ್ಕೋಡಿಯ ಬಸ್ಸು ಹತ್ತಿದ. ಚಿಕ್ಕೋಡಿಯಲ್ಲಿ ಬದಲಿಸಿ ನಿಪ್ಪಾಣಿ, ಅಲ್ಲಿಂದ ಅಕ್ಕೋಳ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಬಸ್ಸನ್ನು ಮುಂದೆ ಹೋಗಗೊಡಲಿಲ್ಲ. ಅವನಿಗೆ ಅವಸರವಿತ್ತು. ಶಾಲೆ ಹೋದ ದುಃಖಕ್ಕಿಂತ ದೊಡ್ಡದಾದ ಒಂದು ಖುಷಿ ಎದೆಯಲ್ಲಿ ಕೂತಿತ್ತು. ಹೇಳಲು ಈಗ ಮಾತು ಸಿಕ್ಕಿತ್ತು: ನಿನ್ನ ಹಲಗೆ ಕೊಯ್ಯಲಿಲ್ಲ ಭಾಗ್ಯಾ, ಅದು ಅಲ್ಲೇ ಇದೆ, ನಡಿ ಮನೆಗೆ.

ಭಾಗ್ಯಾ ಇದ್ದದ್ದು ಅಣ್ಣ ಹಿಂದೆ ತಂಬಾಕು ತುಂಬಿಡುತ್ತಿದ್ದ ವಖಾರಿಯ ಒಂದು ಬದಿಯ ಖೋಲಿಯಲ್ಲಿ. ತಂಬಾಕಿನ ವ್ಯಾಪಾರ ನಿಂತು ಎಷ್ಟೋ ಕಾಲವಾಗಿದ್ದರೂ ಗೋಡೆಗೆ ಅದೇ ಘಾಟು. ಊರ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡಿ ಅವಳು ತನ್ನದು ತಾನು ನೋಡಿಕೊಂಡಿದ್ದಳು. ಅಂದು ಶಾಲೆಗೆ ಸೂಟಿ. ಬಾಗಿಲಲ್ಲಿ ಗಂಡನನ್ನು ಕಂಡು ಸೆರಗು ಸರಿಪಡಿಸಿಕೊಂಡು, ‘ಬರ್ರಿ, ಒಳಗ ಬರ್ರಿ,’ ಎಂದಳು. ಕಾಲಿಗೆ ನೀರು ಕೊಟ್ಟಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕಡ್ಡಿಚಾಪೆ ಹಾಸಿ ಕೂಡಿಸಿ, ತಿರುಗಿ ಒಲೆಯ ಮುಂದೆ ಕೂತು ರೊಟ್ಟಿ ತಟ್ಟತೊಡಗಿದಳು.

ಬಸ್ಸಿನಲ್ಲಿ ಅಷ್ಟು ಸಲ ಹೊಂದಿಸಿಕೊಂಡಿದ್ದ ಮಾತು ಬೇರೆಯೇ ಆಗಿ ಹೊರಬಿತ್ತು.

‘ಒಲಿ ಮುಂದಿನ ಹಲಗಿಗೆ ವೆಲ್ಡಿಂಗ್ ಹೊಡಿಸೀದಿ.’

ಅವಳ ಕೈ ರೊಟ್ಟಿಯ ಮೇಲೆ ನಿಂತಿತು. ‘ಈಗ ಗೊತ್ತಾತೇನ್ರಿ?’

‘ನಿನ್ನೆ.’

‘ನಿನ್ನೆ,’ ಎಂದಳು ಭಾಗ್ಯಾ. ಆ ಮಾತನ್ನು ಇನ್ನೊಮ್ಮೆ ತನ್ನೊಳಗೇ ಅಂದುಕೊಂಡಂತೆ ಅವಳ ತುಟಿ ಅಲುಗಿತು. ‘ನಾ ಮದಲನೇ ದೀವಳಿಗೀಗೇ ಬರ್ತೀರಿ ಅಂತ ತಿಳದಿದ್ನಿ. ಹಬ್ಬ ಬಂತಂದ್ರ ನೀವು ಪಾನಾ ಹಿಡೀದ ಇರೂದಿಲ್ಲ. ಹಲಗಿ ಏಳೂದಿಲ್ಲ, ಮಾಳಸಿದ್ದನ ಕೊಳ್ಳಪಟ್ಟಿ ಹಿಡೀತೀರಿ, ಸಿಟ್ಟಿಲೆ ಇಲ್ಲಿಗೆ ಓಡಿ ಬರ್ತೀರಿ. ಬರ್ಲಿ, ಬಂದ ಬೈಲಿ. ಒಂದ ಸಲ ಬಾಯಿ ತುಂಬ ಜಗಳಾಡೂಣು, ಆಡಿ ಇಬ್ರೂ ಸಂಗಾಟ ಹೋಗೂಣು ಅಂತ ಟ್ರಂಕ ಸೈತ ಬಿಚ್ಚಿರ್ಲಿಲ್ರಿ. ದೀವಳಿಗಿ ಆತು. ಇನ್ನೊಂದ ಆತು. ಅಡಿಗೀಮನಿ ಬಿಟ್ಟ ಬ್ಯಾರೆ ಏನೋ ಬಿಚ್ಚಿರಬೇಕ ಅಂದ್ಕೊಂಡೆ. ಆಮ್ಯಾಲ, ಹಲಗಿ ಕೊಯ್ದ ಒಗದ ಸುಮ್ಮನಾಗ್ಯಾರ ಅಂದ್ಕೊಂಡೆ.’

‘ನಾ ಏನೂ ಬಿಚ್ಚಿಲ್ಲ ಭಾಗ್ಯಾ.’ ಅವನಿಗೆ ತನ್ನ ದನಿಯೇ ಕೇಳಿಸಲಿಲ್ಲ. ‘ನೀ ಇಟ್ಟಂಗ ಇರ್ಲಿ ಅಂತ ಒಂದ ಬೋಲ್ಟೂ ಮುಟ್ಟಿಲ್ಲ. ನಾಕ ವರ್ಷ.’

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಇಬ್ಬರಿಗೂ ಅದನ್ನು ತೆಗೆಯಬೇಕೆನ್ನುವುದು ನೆನಪಾಗಲಿಲ್ಲ. ಅವಳು ಅವನ ಹಳೆಯ ಚಾಳಿಯನ್ನು ನಂಬಿ ಕಾದಿದ್ದಳು. ಅವನು ಅವಳ ಮೇಲಿನ ಪ್ರೀತಿಗೆ ಆ ಚಾಳಿಯನ್ನೇ ಬಿಟ್ಟು ಕಾದಿದ್ದ. ಮೊದಲ ಹಬ್ಬಕ್ಕೆ ಅವನು ಎಂದಿನಂತೆ ಹಟಮಾರಿಯಾಗಿ ಪಾನಾ ಹಿಡಿದಿದ್ದರೆ ಸಾಕಿತ್ತು. ಇಂಥ ಸಂಕಟ ಶತ್ರುವಿಗೂ ಬರಬಾರದು.

ಸುಟ್ಟ ರೊಟ್ಟಿಯನ್ನು ಕಡೆಗೆ ಭಾಗ್ಯಾಳೇ ತೆಗೆದು ಬದಿಗಿಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಹಳ ದಿನದಿಂದ ಹೇಳಬೇಕೆಂದಿದ್ದನ್ನು ಹೇಳುವವಳಂತೆ ನಿಧಾನವಾಗಿ ಮಾತಾಡಿದಳು.

‘ನಿಮ್ಮವ್ವ ಜಲ್ಮಾ ಪೂರ್ತಿ ಕುರಿ ಹಿಂದ ಅಡ್ಯಾಡಿದಾಕಿ. ಅತ್ತಿ ನನಗ ಹೇಳತಿದ್ರು. ದಿನಾ ಹೊಸಾ ಹೊಲಾ ಅಂತ, ಆದ್ರ ಮೂರೂ ಒಲಿಗಲ್ಲ ಅವs ಅಂತ, ಕುದರಿ ಮ್ಯಾಲ ಹೇರಕೊಂಡ ಒಯ್ಯಾವ್ರು. ಕರೀ ಕಲ್ಲ ಎಡಕ್ಕ, ಉಪ್ಪಿನ ಗಡಗಿ ಬಲಗೈಗೆ. ಯಾವ ಊರಾಗ ಇಳದ್ರೂ ಹಂಗs. ಕತ್ತಲಾಗ ಕೂತ ಅಡಿಗಿ ಮಾಡಿದ್ರೂ ಕೈ ತಪ್ಪತಿರ್ಲಿಲ್ಲಂತ. ನೀವು ಹಟ್ಟಿ ಎತ್ತೂದ ಅಷ್ಟ ನೋಡೀರಿ. ಒಲಿ ನೋಡ್ಲಿಲ್ಲ.’

ದುಂಡೇಶನಿಗೆ ಆ ಕಲ್ಲುಗಳು ಕಣ್ಣಿಗೆ ಬಂದವು. ಮೂರರಲ್ಲಿ ಒಂದು ಕರಿಯದು, ಅಂಚು ಮುರಿದದ್ದು. ಅದನ್ನು ಅವ್ವ ಮಾಯವ್ವ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಇಷ್ಟು ದಿನ ತನ್ನ ನಕ್ಷೆಗಳಲ್ಲಿ ಆ ಕಲ್ಲಿಗೆ ಜಾಗವಿರಲಿಲ್ಲ.

‘ಮನಿಗೆ ನಡಿ,’ ಎಂದ. ‘ಇನ್ನ ಏನೂ ಸರಿಯೂದಿಲ್ಲ. ಹಲಗಿ ಕೊಯ್ಯಲಿಲ್ಲ ನಾ. ಶಾಲಿ ಹೋತು, ಹೋಗ್ಲಿ. ನಡಿ.’

ಪಕ್ಕದ ಒಲೆಯ ಮೇಲೆ ಬ್ಯಾಳಿ ಉಕ್ಕುತ್ತಿತ್ತು. ಅವನ ಮುಖವನ್ನೇ ನೋಡುತ್ತ ಅವಳು ಬಲಗೈಯನ್ನು ಹಿಂದಕ್ಕೆ ಚಾಚಿದಳು. ಹಿಂದೆ ಗೋಡೆಯಲ್ಲಿ ಒಂದು ಗೂಡು. ಕೈ ತಡವರಿಸದೆ ಗೂಡಿನೊಳಗೆ ಹೋಗಿ, ಒಂದು ಚಿಟಿಕೆ ಉಪ್ಪು ತಂದು ಬ್ಯಾಳಿಗೆ ಹಾಕಿತು. ಅವಳು ತಿರುಗಿ ಕೂಡ ನೋಡಿರಲಿಲ್ಲ.

ದುಂಡೇಶ ಆ ಗೂಡನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

‘ಟ್ರಂಕ ಬಿಚ್ಚೇನ್ರಿ,’ ಎಂದಳು ಮೆಲ್ಲಗೆ. ‘ಹ್ವಾದ ವರ್ಷ.’

ಅವನು ಊಟ ಮಾಡಿದ. ಬ್ಯಾಳಿಗೆ ಉಪ್ಪು ಸರಿಯಾಗಿತ್ತು. ಹೊರಡುವಾಗ ಅವಳು ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಟ್ಟು ಬಸ್ ಸ್ಟ್ಯಾಂಡಿನವರೆಗೆ ಬಂದಳು. ಬಸ್ಸು ಬರುವವರೆಗೆ ಇಬ್ಬರೂ ಕಬ್ಬಿನ ಮಾತಾಡಿದರು. ‘ಆರಾಮ ಇರ್ರಿ,’ ಎಂದಳು. ಅವನಿಗೆ ಆ ಮಾತು ತಿರುಗಿ ಹೇಳಲು ಆಗಲಿಲ್ಲ.

ಉಗಾರಕ್ಕೆ ಬಂದಾಗ ಹೊತ್ತು ಮುಳುಗುತ್ತಿತ್ತು, ಸಕ್ಕರೆ ಕಾರ್ಖಾನೆಯ ಮಳ್ಳಿಯ ಹುಳಿ ವಾಸನೆ ಊರ ತುಂಬ ಹರಡಿತ್ತು. ಪಡಸಾಲೆಯ ಹಲಗೆಗಳನ್ನು ಮಾಳಸಿದ್ದ ತಿರುಗಿ ಕೂಡಿಸಿ ಹೋಗಿದ್ದ. ದುಂಡೇಶ ಒಲೆ ಹಚ್ಚಿ ಕಡಲೆಹಿಟ್ಟಿನ ಪಿಟ್ಲಾಕ್ಕೆ ನೀರಿಟ್ಟ. ವೆಲ್ಡಿಂಗ್ ಹೊಡೆದ ಹಲಗೆಯ ಮೇಲೆ, ಅವಳು ನಿಲ್ಲುತ್ತಿದ್ದಲ್ಲಿ ನಿಂತ. ದೀಪ ಹಾಕಲಿಲ್ಲ. ಒಂದು ಸಲ ನೋಡಿಯೇಬಿಡೋಣ ಎಂದು ಕಣ್ಣು ಮುಚ್ಚಿ ಕೈ ಚಾಚಿದ.

ನಾಲ್ಕು ವರ್ಷದಿಂದ ಆ ಮನೆಯಲ್ಲಿ ಯಾವುದೂ ಜಾಗ ಬಿಟ್ಟು ಸರಿದಿರಲಿಲ್ಲ. ಕೈ ನೇರವಾಗಿ ಹೋಗಿ, ತಾನೇ ಅಂಟಿಸಿದ ಚೀಟಿಯ ಮೇಲೆ, ಉಪ್ಪಿನ ಡಬ್ಬಿಯ ಮೇಲೆ ಕೂತಿತು.

‘ಸಿಕ್ತ ನೋಡ, ಭಾಗ್ಯಾ,’ ಎಂದು ದುಂಡೇಶ ಗೋಡೆಗೆ ಹೇಳಿದ.